ಉದ್ವೇಗವೂ ಆಟದ ನೈಪುಣ್ಯವೂ

ಆಟೋಟಗಳ ದಿನ ಓಟದ ಗೆರೆಯ ಬಳಿ ನಿಂತ ಬಾಲಿಕೆಯ ಎದೆ ಡವಡವನೆ ಬಡಿದುಕೊಳ್ಳುವುದನ್ನೂ, ಅಂಗೈ ಬೆವರುವುದನ್ನೂ, ಬಾಯಿ ಒಣಗುವುದನ್ನೂ ನಾವೆಲ್ಲರೂ ಬಲ್ಲೆವು. “ಹೆದರುಪುಕ್ಕಿ” ಎಂದು ಹಿರಿಯರು ಗದರಿಸುವುದೂ ಉಂಟು. ಆದರೆ ಇದು ಹೇಡಿತನದ ಲಕ್ಷಣವಲ್ಲ. ದೇಹವು ಶ್ರಮಕ್ಕೆ ಅಣಿಯಾಗುತ್ತಿರುವುದರ ಕುರುಹು. ಈ ಉದ್ವೇಗವು ಆಟಕ್ಕೆ ಯಾವಾಗ ಸಾಧಕ, ಯಾವಾಗ ಬಾಧಕ ಎಂಬುದನ್ನು ಸಂಕ್ಷೇಪವಾಗಿ ವಿವರಿಸಲು ಯತ್ನಿಸುವೆವು.

ಮೂತ್ರಪಿಂಡಗಳ ಮೇಲಿರುವ ಎರಡು ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ಇಂತಹ ಸಮಯದಲ್ಲಿ ರಕ್ತವನ್ನು ಸೇರುತ್ತದೆ. ಅದರಿಂದ ಹೃದಯವು ವೇಗವಾಗಿ ಮಿಡಿಯುತ್ತದೆ. ಸ್ನಾಯುಗಳಿಗೆ ಹೆಚ್ಚು ರಕ್ತವೂ ಸಕ್ಕರೆಯೂ ಒದಗುತ್ತವೆ. ಇದು ತೀರ ಕಡಮೆಯಾದರೆ ಆಟದಲ್ಲಿ ಜಡತೆ ತೋರುವುದು. ಮಿತಿಮೀರಿದರೆ ಸ್ನಾಯುಗಳು ಬಿಗಿದು, ಗಮನವು ಸಂಕುಚಿತವಾಗಿ, ಪಕ್ಕದ ಜೊತೆಗಾರ್ತಿಯೂ ಕಾಣದಂತಾಗುವಳು. ವೀಣೆಯ ತಂತಿ ಸಡಿಲವಾದರೆ ನಾದವಿಲ್ಲ; ಅತಿಯಾಗಿ ಬಿಗಿದರೆ ಶ್ರುತಿ ತಪ್ಪುವುದು.

1908ರಲ್ಲಿ ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಶಾಸ್ತ್ರಜ್ಞರು ಸಣ್ಣ ಇಲಿಗಳಿಗೆ ಬೆಳಕು-ಕತ್ತಲೆಗಳ ಭೇದವನ್ನು ಕಲಿಸಿ, ತಪ್ಪಿದಾಗ ವಿದ್ಯುತ್ತಿನ ಆಘಾತ ಕೊಟ್ಟು ಪರೀಕ್ಷಿಸಿದರು. ಪಾಠ ಸುಲಭವಾಗಿದ್ದಾಗ ಬಲವಾದ ಆಘಾತವು ಕಲಿಕೆಯನ್ನು ತ್ವರೆಗೊಳಿಸಿತು. ಕಠಿನವಾಗಿದ್ದಾಗ ಮಿತವಾದ ಆಘಾತವೇ ಮೇಲೆನಿಸಿತು. ಇಲಿಗಳ ನಿಯಮವು ಮನುಷ್ಯರಿಗೆ ಯಥಾವತ್ತಾಗಿ ಅನ್ವಯಿಸಲಾರದು. ಆದರೂ ಹಗ್ಗದ ಎಳೆದಾಟಕ್ಕೆ ಸಲ್ಲುವ ಆವೇಶವು ಬಿಲ್ಲಿನ ಗುರಿಗೂ, ನೆಟ್‌ಬಾಲಿನ ಬಳೆಯೊಳಗೆ ಚೆಂಡು ಹಾಕುವುದಕ್ಕೂ ಸಲ್ಲದೆಂಬುದು ಅನುಭವಸಿದ್ಧ. ಚೆನ್ನಾಗಿ ರೂಢಿಸಿಕೊಂಡವಳನ್ನು ಜನರ ಕೇಕೆ ಹುರಿದುಂಬಿಸುವುದು. ಹೊಸಬಳನ್ನು ಅದೇ ಕೇಕೆ ಕಂಗೆಡಿಸುವುದು.

ನುರಿತವರೂ ಇದಕ್ಕೆ ಹೊರತಲ್ಲ. 1993ರ ವಿಂಬಲ್ಡನ್ ಟೆನಿಸ್ ಅಂತಿಮ ಪಂದ್ಯದಲ್ಲಿ ಯಾನಾ ನೊವೊಟ್ನಾರವರು ಸ್ಟೆಫಿ ಗ್ರಾಫ್‌ರವರೆದುರು ಕೊನೆಯ ಸೆಟ್ಟಿನಲ್ಲಿ 4-1ರಿಂದ ಮುಂದಿದ್ದರು. ಇನ್ನೊಂದೇ ಅಂಕ ದೊರೆತಿದ್ದರೆ 5-1 ಆಗುತ್ತಿತ್ತು. ಆಗ ಅವರ ಎರಡು ಸರ್ವೀಸುಗಳೂ ತಪ್ಪಿದವು. ಆ ಗೇಮಿನಿಂದ ಮೊದಲ್ಗೊಂಡು ಐದು ಗೇಮುಗಳನ್ನೂ ಗ್ರಾಫ್‌ರವರೇ ಗೆದ್ದರು. ಕೈಯ ನೈಪುಣ್ಯವು ಅರೆಗಳಿಗೆಯಲ್ಲಿ ಮಾಯವಾಗಲಿಲ್ಲ. ಉದ್ವೇಗವು ಅದನ್ನು ಕಟ್ಟಿಹಾಕಿತೆಂದೇ ನೋಡಿದ ಬಹುಮಂದಿ ಭಾವಿಸಿದರು. ಬಹುಮಾನ ವಿತರಣೆಯಲ್ಲಿ ಕೆಂಟ್ ಡಚೆಸ್‌ರವರ ಭುಜಕ್ಕೊರಗಿ ಅವರು ಅತ್ತರು. ಆ ಮಹಿಳೆಯು ಸಂತೈಸಿದರು. 1998ರಲ್ಲಿ ನೊವೊಟ್ನಾರವರು ಅದೇ ಅಂಗಣದಲ್ಲಿ ಗೆದ್ದು, ಅದೇ ಕೈಗಳಿಂದ ಬಹುಮಾನವನ್ನು ಪಡೆದರು.

ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ತಕ್ಕ ಪ್ರಮಾಣವು ಒಬ್ಬೊಬ್ಬಳಿಗೆ ಒಂದೊಂದು ಬಗೆ. ಮಂಕಾಗಿರುವವಳಿಗೆ ಮೈ ಬಿಸಿಯೇರುವಷ್ಟು ಓಡಾಟವೂ ಪ್ರೋತ್ಸಾಹದ ನುಡಿಯೂ ಬೇಕು. ನಡುಗುವವಳು ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಡಲಿ; “ನಿನ್ನ ಮೈ ಓಟಕ್ಕೆ ಸಿದ್ಧವಾಗಿದೆ, ಮಗಳೆ” ಎಂದರೆ ಸಾಕು. ನಾಲ್ವರ ಮುಂದೆ ಅಭ್ಯಾಸ ಮಾಡಿಸಿದರೆ ನಾನೂರು ಜನರ ಮುಂದೆ ಎದೆಗುಂದುವುದು ಕಡಮೆಯಾಗುವುದು. “ಸೋತರೆ ಮನೆಯಲ್ಲೇನನ್ನುವರೋ” ಎಂಬ ಚಿಂತೆಯೇ ಎಷ್ಟೋ ವೇಳೆ ತಂತಿಯನ್ನು ಅತಿಯಾಗಿ ಬಿಗಿಯುವುದು. ಗೆದ್ದು ಬಂದವಳನ್ನು ಕಾಣುವ ಮುಖದಿಂದಲೇ ಸೋತು ಬಂದವಳನ್ನೂ ಕಾಣೋಣ. ಮುಂದಿನ ಸಲ ಅವಳ ಹೆಜ್ಜೆ ಹಗುರವಾಗುವುದು.