ವಂಶದಲ್ಲಿ ಬರುವ ಅರ್ಬುದರೋಗವೂ ನಮ್ಮ ಕರ್ತವ್ಯವೂ

ಮಾಗಡಿ ತಾಲ್ಲೂಕಿನ ಕೆಂಪಾಪುರವು ಸಣ್ಣ ಗ್ರಾಮವಾದರೂ ನಾಡಿನ ಚರಿತ್ರೆಯಲ್ಲಿ ಹೆಸರು ಪಡೆದ ಸ್ಥಳವಾಗಿದೆ. ಬೆಂಗಳೂರನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡರ ಸಮಾಧಿಯು ಅಲ್ಲಿರುವುದೆಂದು 2015ರಲ್ಲಿ ಗುರುತಿಸಲ್ಪಟ್ಟಿತು. ಕಲ್ಲಿನ ಮೇಲೆ ಕೊರೆದ ಅಕ್ಷರಗಳು ಉಳಿದಿದ್ದುದರಿಂದಲೇ ನಾಲ್ಕೂವರೆ ಶತಮಾನಗಳ ಹಿಂದಿನ ಮರಣವೊಂದರ ನೆನಪು ನಮಗೆ ದೊರೆತಂತಾಯಿತು. ವಂಶದ ವಿಚಾರದಲ್ಲಿ ನಮ್ಮ ಜನರಿಗಿರುವ ಆದರವು ಸರ್ವವಿದಿತವಾದದ್ದು. ಹೆಣ್ಣು ಗಂಡುಗಳ ಸಂಬಂಧವನ್ನು ಬೆಳೆಸುವಾಗ ಗೋತ್ರವಾವುದು, ಬೆಡಗಾವುದು, ಮನೆದೇವರಾರು ಎಂದು ವಿಚಾರಿಸದವರಿಲ್ಲ. ಆದರೆ ಅಜ್ಜಿಯು ಯಾವ ರೋಗದಿಂದ ತೀರಿಕೊಂಡಳು, ಸೋದರತ್ತೆಯು ನಲವತ್ತು ತುಂಬುವ ಮೊದಲೇ ಏತಕ್ಕೆ ಕಣ್ಮುಚ್ಚಿದಳು ಎಂದು ಕೇಳಿದರೆ ಹಿರಿಯರು ಮುಖ ತಿರುಗಿಸುವರು. "ಎದೆಯಲ್ಲಿ ಹುಣ್ಣಾಗಿತ್ತಂತೆ," "ಹೊಟ್ಟೆಯಲ್ಲಿ ನೀರು ತುಂಬಿತಂತೆ" ಎಂಬುದಕ್ಕಿಂತ ಹೆಚ್ಚಿನ ಉತ್ತರವು ದೊರೆಯುವುದಿಲ್ಲ. ಈ ಮೌನವು ಕೆಲವು ಮನೆಗಳಲ್ಲಿ ಮುಂದಿನ ತಲೆಮಾರಿನ ಹೆಣ್ಣುಮಕ್ಕಳ ಪ್ರಾಣಕ್ಕೆ ಎರವಾಗುತ್ತಿದೆಯೆಂಬ ಸಂಗತಿಯನ್ನು ವಾಚಕ ಮಹಾಶಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವು.

ಕ್ಯಾನ್ಸರ್ ಎಂದು ಈಗ ಮನೆಮಾತಾಗಿರುವ ಅರ್ಬುದರೋಗವು ಬಹುಮಟ್ಟಿಗೆ ವಂಶದಿಂದ ಬರತಕ್ಕದ್ದಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಸ್ತನದ ಅರ್ಬುದಕ್ಕೆ ತುತ್ತಾಗುವ ನೂರು ಮಂದಿಯಲ್ಲಿ ಸುಮಾರು 5ರಿಂದ 10 ಮಂದಿಗೆ ಮಾತ್ರ ಅದು ವಂಶಪಾರಂಪರ್ಯವಾಗಿ ಬಂದಿರುತ್ತದೆ. ಅಂಡಾಶಯದ ಅರ್ಬುದದಲ್ಲಿ ಈ ಪ್ರಮಾಣವು ಇನ್ನೂ ಹೆಚ್ಚು. ಆದರೆ ರೋಗವೇ ಇಷ್ಟು ವ್ಯಾಪಕವಾಗಿರುವಾಗ ಅದರ ಸಣ್ಣ ಭಾಗವೂ ಸಣ್ಣದಲ್ಲ. 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಸ್ತ್ರೀಯರಿಗೆ ಸ್ತನದ ಅರ್ಬುದವು ಹೊಸದಾಗಿ ಕಾಣಿಸಿತೆಂದೂ, ಸುಮಾರು 98,000 ಮಂದಿ ಅದರಿಂದ ಮೃತರಾದರೆಂದೂ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ನಮ್ಮ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು 1973ರಲ್ಲಿ ಸ್ಥಾಪಿತವಾದದ್ದು. ಬೆಂಗಳೂರು ನಗರದ ಅರ್ಬುದರೋಗಿಗಳ ದಾಖಲೆಯನ್ನು ಅದು 1982ರಿಂದ ಇಡುತ್ತ ಬಂದಿದೆ. ಆರಂಭದ ವರ್ಷಗಳಲ್ಲಿ ಆ ದಾಖಲೆಯಲ್ಲಿ ಸ್ತ್ರೀಯರ ಪಾಲಿಗೆ ಗರ್ಭಕಂಠದ ಅರ್ಬುದವು ಮೊದಲನೆಯದಾಗಿತ್ತು. ಅನಂತರ ಸ್ತನದ ಅರ್ಬುದವು ಆ ಸ್ಥಾನವನ್ನು ಆಕ್ರಮಿಸಿತು.

ರೋಗವು ಕೆಲವು ಮನೆತನಗಳನ್ನು ಹಿಡಿದು ಬಿಡದೆಂಬುದನ್ನು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಎಂಬಾತನು 1866ರಷ್ಟು ಹಿಂದೆಯೇ ತನ್ನ ಹೆಂಡತಿಯ ಮನೆತನದ ನಾಲ್ಕು ತಲೆಮಾರುಗಳನ್ನು ಪರಿಶೀಲಿಸಿ ಬರೆದಿಟ್ಟನು. ಆದರೆ ಕಾರಣವು ಬಹುಕಾಲ ಗೂಢವಾಗಿಯೇ ಉಳಿಯಿತು. 1990ರಲ್ಲಿ ಅಮೆರಿಕದ ಮೇರಿ ಕ್ಲೇರ್ ಕಿಂಗ್ ಎಂಬ ವಿದುಷಿಯು ಅನೇಕ ಕುಟುಂಬಗಳ ರಕ್ತವನ್ನು ಪರೀಕ್ಷಿಸಿ, ದೋಷವಿರುವ ಜೀನು ಹದಿನೇಳನೆಯ ವರ್ಣತಂತುವಿನಲ್ಲಿದೆಯೆಂದು ತೋರಿಸಿದಳು. 1994ರಲ್ಲಿ ಆ ಜೀನು ಕೈಗೆ ಸಿಕ್ಕಿತು, ಅದಕ್ಕೆ ಬಿ.ಆರ್.ಸಿ.ಎ. 1 ಎಂದು ಹೆಸರು. ಹದಿಮೂರನೆಯ ವರ್ಣತಂತುವಿನಲ್ಲಿರುವ ಬಿ.ಆರ್.ಸಿ.ಎ. 2 ಮರುವರ್ಷವೇ ಪತ್ತೆಯಾಯಿತು.

ಈ ಜೀನುಗಳು ರೋಗವನ್ನು ಉಂಟುಮಾಡುವುದಕ್ಕಾಗಿ ಇರುವುವೆಂದು ಭಾವಿಸಕೂಡದು. ಅವು ವಾಸ್ತವವಾಗಿ ದೇಹದ ಕಾವಲುಗಾರರು. ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಳೆಗಳು ಆಗಾಗ ತುಂಡಾಗುತ್ತವೆ. ಜೋಡಿ ಎಳೆಗಳೆರಡೂ ತುಂಡಾದಾಗ ಅವನ್ನು ತಪ್ಪಿಲ್ಲದೆ ಬೆಸೆಯುವ ಕಾರ್ಯದಲ್ಲಿ ಈ ಎರಡು ಜೀನುಗಳು ಮುಖ್ಯಪಾತ್ರ ವಹಿಸುತ್ತವೆ. ಪ್ರತಿ ಜೀನಿನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ತಂದೆಯದೊಂದು, ತಾಯಿಯದೊಂದು. ಒಂದು ಪ್ರತಿಯು ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಕೆಲಸವನ್ನು ತೂಗಿಸಿಕೊಂಡು ಹೋಗುತ್ತದೆ. ಕಾಲಾಂತರದಲ್ಲಿ ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯದೂ ಕೆಟ್ಟಿತೆಂದರೆ ಅಲ್ಲಿ ರಿಪೇರಿಯು ನಿಂತು, ತಪ್ಪಿನ ಮೇಲೆ ತಪ್ಪು ಸೇರಿ, ಅರ್ಬುದಕ್ಕೆ ದಾರಿಯಾಗುತ್ತದೆ. ಇತರರಲ್ಲಿ ಎರಡೂ ಪ್ರತಿಗಳು ಕೆಡಬೇಕು. ಇವರಲ್ಲಿ ಒಂದು ಕೆಟ್ಟರೆ ಸಾಕು. ಚಿಕ್ಕ ವಯಸ್ಸಿನಲ್ಲಿಯೇ ರೋಗ ಬರುವುದಕ್ಕೂ, ಎರಡು ಸ್ತನಗಳಲ್ಲಿಯೂ ಕಾಣಿಸಿಕೊಳ್ಳುವುದಕ್ಕೂ ಇದೇ ಕಾರಣವು.

ರೋಗಲಕ್ಷಣಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಕಂಡುಕೊಂಡಿರುವ ಸಂಗತಿಗಳೂ ಅಷ್ಟೇ ಮಹತ್ವದವು. ಬಿ.ಆರ್.ಸಿ.ಎ. 1ರ ದೋಷದಿಂದ ಹುಟ್ಟುವ ಸ್ತನದ ಗಂತಿಯು ಬಹುವಾಗಿ ಉಗ್ರಸ್ವರೂಪದ್ದು. ಹಾರ್ಮೋನುಗಳನ್ನು ತಡೆಯುವ ಔಷಧಕ್ಕೆ ಅದು ಸಾಮಾನ್ಯವಾಗಿ ಬಗ್ಗುವುದಿಲ್ಲ. ಬಿ.ಆರ್.ಸಿ.ಎ. 2ರ ಗಂತಿಗಳಾದರೋ ಹೆಚ್ಚಾಗಿ ಆ ಔಷಧಕ್ಕೆ ಮಣಿಯುತ್ತವೆ. ಇನ್ನೂ ವಿಸ್ಮಯಕರವಾದುದೆಂದರೆ, ಅಂಡಾಶಯದ ಅರ್ಬುದವೆಂದು ನಾವು ಕರೆಯುವ ರೋಗವು ಅನೇಕರಲ್ಲಿ ಹುಟ್ಟುವುದು ಅಂಡಾಶಯದಲ್ಲಲ್ಲ, ಅದರ ಪಕ್ಕದ ಅಂಡನಾಳದ ತುದಿಯಲ್ಲಿ. ಈ ದೋಷವಿದ್ದ ಸ್ತ್ರೀಯರಿಂದ ಮುಂಜಾಗ್ರತೆಗಾಗಿ ತೆಗೆದ ಅಂಗಗಳನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ನೋಡಿದಾಗ, 2001ರಿಂದೀಚೆಗೆ, ಈ ಸಂಗತಿಯು ಬೆಳಕಿಗೆ ಬಂದಿತು.

ಇನ್ನು ಅಪಾಯದ ಪ್ರಮಾಣವನ್ನು ನೋಡುವ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಂತೆ, ಬಿ.ಆರ್.ಸಿ.ಎ. 1ರಲ್ಲಿ ದೋಷವಿರುವ ನೂರು ಸ್ತ್ರೀಯರಲ್ಲಿ 80 ವರ್ಷ ತುಂಬುವುದರೊಳಗಾಗಿ 72 ಮಂದಿಗೆ ಸ್ತನದ ಅರ್ಬುದವೂ 44 ಮಂದಿಗೆ ಅಂಡಾಶಯದ ಅರ್ಬುದವೂ ಬರುವ ಸಂಭವವಿದೆ. ಬಿ.ಆರ್.ಸಿ.ಎ. 2ರಲ್ಲಿ ಈ ಸಂಖ್ಯೆಗಳು 69 ಮತ್ತು 17. ಇವು ಹೆಚ್ಚಾಗಿ ಪಾಶ್ಚಾತ್ಯ ಕುಟುಂಬಗಳಿಂದ ಬಂದ ಲೆಕ್ಕಗಳೆಂಬುದನ್ನು ಮರೆಯಲಾಗದು.

ಇಲ್ಲಿ ನಮ್ಮ ಜನರಲ್ಲಿ ಬೇರೂರಿರುವ ಎರಡು ಭ್ರಮೆಗಳನ್ನು ಹೋಗಲಾಡಿಸುವುದು ಅವಶ್ಯಕ. ಹೆಂಗಸರ ರೋಗವಾದ್ದರಿಂದ ಅದು ತಾಯಿಯ ಕಡೆಯಿಂದಲೇ ಬರಬೇಕೆಂಬುದು ಮೊದಲನೆಯದು. ಇದು ಶುದ್ಧ ತಪ್ಪು. ತಂದೆಯಲ್ಲಿ ದೋಷವಿದ್ದರೂ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವವು ಅರ್ಧಕ್ಕರ್ಧ. ತಂದೆಯು ದೃಢಕಾಯನಾಗಿಯೇ ಇರಬಹುದು. ಅವನ ಅಕ್ಕತಂಗಿಯರ ಕಥೆಯೇ ಅವನ ಮಗಳ ಕಥೆಯಾಗಬಹುದು. ಪುರುಷರೂ ಪೂರ್ತಿಯಾಗಿ ಪಾರಾದವರಲ್ಲ. ಪ್ರಾಸ್ಟೇಟ್ ಗ್ರಂಥಿಯ ಅರ್ಬುದವೂ, ಅಪರೂಪವಾಗಿ ಸ್ತನದ ಅರ್ಬುದವೂ ಅವರಿಗೆ ಬರುವುದುಂಟು. ರಕ್ತಸಂಬಂಧದ ಮದುವೆಯೇ ಈ ರೋಗಕ್ಕೆ ಮೂಲವೆಂಬುದು ಎರಡನೆಯ ಭ್ರಮೆ. ಒಂದೇ ಪ್ರತಿಯ ದೋಷವು ಸಾಕಾಗುವುದರಿಂದ ಹೊರಗಿನ ಸಂಬಂಧವನ್ನು ತಂದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಆದರೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆಯುಳ್ಳ ನಮ್ಮ ಸೀಮೆಯಲ್ಲಿ ಒಂದು ಎಚ್ಚರಿಕೆಯು ಅಗತ್ಯ: ಗಂಡಹೆಂಡಿರಿಬ್ಬರಲ್ಲಿಯೂ ಬಿ.ಆರ್.ಸಿ.ಎ. 2ರ ದೋಷವಿದ್ದು, ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬಂದರೆ, ಫ್ಯಾಂಕೋನಿ ರಕ್ತಹೀನತೆಯೆಂಬ ಕ್ರೂರವಾದ ಬಾಲರೋಗವು ಉಂಟಾಗಬಲ್ಲದು.

ಇಷ್ಟೆಲ್ಲ ತಿಳಿದು ಪ್ರಯೋಜನವೇನು, ಹಣೆಯ ಬರಹವನ್ನು ಅಳಿಸುವವರುಂಟೇ ಎಂದು ಕೆಲವರು ಕೇಳಬಹುದು. ಈ ಬರಹವನ್ನು ಅಳಿಸಲಾಗದಿದ್ದರೂ ಓದಿಕೊಂಡು ಎಚ್ಚರಗೊಳ್ಳಬಹುದೆಂಬುದೇ ನಮ್ಮ ಉತ್ತರ. ದೋಷವಿರುವವರು 25ನೆಯ ವಯಸ್ಸಿನಿಂದ ವರ್ಷವರ್ಷವೂ ಎಂ.ಆರ್.ಐ. ಪರೀಕ್ಷೆ ಮಾಡಿಸಿಕೊಂಡರೆ ಗಂತಿಯು ಚಿಕ್ಕದಿರುವಾಗಲೇ ಸಿಗುತ್ತದೆ. ಮಕ್ಕಳಾದ ಬಳಿಕ, ಬಿ.ಆರ್.ಸಿ.ಎ. 1 ಇದ್ದವರು 35ರಿಂದ 40ರೊಳಗೆ, ಬಿ.ಆರ್.ಸಿ.ಎ. 2 ಇದ್ದವರು 40ರಿಂದ 45ರೊಳಗೆ, ಅಂಡಾಶಯವನ್ನೂ ಅಂಡನಾಳವನ್ನೂ ತೆಗೆಸಿಕೊಂಡರೆ ಅಂಡಾಶಯದ ಅರ್ಬುದದ ಅಪಾಯವು ನೂರಕ್ಕೆ ಸುಮಾರು 80 ಪಾಲು ತಗ್ಗುತ್ತದೆ. ರೋಗ ಬಂದವರಿಗೂ, ಜೀನಿನ ದೋಷವನ್ನೇ ಗುರಿಯಾಗಿ ಹಿಡಿದು ಮುಖ್ಯವಾಗಿ ಕೆಟ್ಟ ಕೋಶಗಳನ್ನು ಕೊಲ್ಲುವ ಪಾರ್ಪ್ ನಿರೋಧಕಗಳೆಂಬ ಔಷಧಗಳು 2014ರಿಂದ ಬಳಕೆಗೆ ಬಂದಿವೆ. ಮನೆತನದಲ್ಲಿರುವ ದೋಷವು ತನಗೆ ಬಂದಿಲ್ಲವೆಂದು ಪರೀಕ್ಷೆಯಿಂದ ತಿಳಿದ ಹೆಣ್ಣುಮಗಳಿಗೆ ದೊರೆಯುವ ನೆಮ್ಮದಿಗೆ ಬೆಲೆ ಕಟ್ಟುವವರಾರು?

ಹಾಗಿದ್ದರೂ ಕೆಂಪಾಪುರದ ಗೃಹಿಣಿಗೆ ಈ ಜ್ಞಾನದಿಂದ ಇಂದು ದೊರೆಯುವುದೆಷ್ಟು? ಜೀನು ಪರೀಕ್ಷೆಯ ಪ್ರಯೋಗಶಾಲೆಗಳು ಬೆಂಗಳೂರಿನಲ್ಲಿವೆ. ಮಾಗಡಿಯಿಂದ ಅಲ್ಲಿಗೆ ಬಸ್ಸಿನ ಪ್ರಯಾಣವು ಕೆಲವು ಗಂಟೆಗಳದಷ್ಟೇ. ದಾರಿಗಿಂತ ದೂರವಾದುದು ಅಜ್ಞಾನ, ನಾಚಿಕೆ ಮತ್ತು ಖರ್ಚು. ಮೂವತ್ತು ವರ್ಷ ಮೀರಿದವರ ತಪಾಸಣೆಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಪ್ರಶ್ನಾವಳಿಯು ರೂಪುಗೊಂಡಾಗ, ವಂಶವನ್ನು ಕುರಿತ ಪ್ರಶ್ನೆಯು ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳಿಗೆ ಸೀಮಿತವಾಗಿತ್ತು. ತಂದೆತಾಯಿಗಳ ಎರಡೂ ಕಡೆಯ ಅರ್ಬುದದ ವಿಚಾರವನ್ನು ಅಲ್ಲಿ ಕೇಳುವ ಏರ್ಪಾಡು ಎಲ್ಲೆಡೆಯೂ ಆಗಬೇಕು. ಇದಕ್ಕೆ ಬೇಕಾದುದು ಕಾಗದದ ಮೇಲಿನ ಒಂದು ಸಾಲು ಮಾತ್ರ. ಐವತ್ತಕ್ಕೆ ಮುಂಚೆ ಸ್ತನದ ಅರ್ಬುದ ಬಂದವರು, ಯಾವ ವಯಸ್ಸಿನಲ್ಲಿಯಾಗಲಿ ಅಂಡಾಶಯದ ಅರ್ಬುದ ಬಂದವರು ಮನೆತನದಲ್ಲಿದ್ದರೆ ಆ ಹೆಂಗಸನ್ನು ಜಿಲ್ಲಾ ಆಸ್ಪತ್ರೆಗೂ, ಅಲ್ಲಿಂದ ಸಲಹೆಗಾರರಲ್ಲಿಗೂ ಕಳುಹಿಸುವ ಕ್ರಮವಿರಬೇಕು. ಬಡವರ ಪರೀಕ್ಷೆಯ ವೆಚ್ಚವನ್ನು ಸರ್ಕಾರವೇ ವಹಿಸಬೇಕು. ಹತ್ತಾರು ಸಾವಿರ ರೂಪಾಯಿಗಳ ಪರೀಕ್ಷೆಯು ದುಬಾರಿಯೆಂದು ಹೇಳುವವರು ಮುಂದುವರಿದ ರೋಗದ ಚಿಕಿತ್ಸೆಗಾಗಿ ಮಾರಿಹೋಗುವ ಜಮೀನಿನ ಬೆಲೆಯನ್ನೂ ಲೆಕ್ಕಹಾಕಲಿ.

ಸಂಶೋಧನೆಯಲ್ಲಿಯೂ ನಾವು ಪರರ ಪುಸ್ತಕವನ್ನೇ ನೆಚ್ಚಿ ಕೂಡುವಂತಿಲ್ಲ. ಬಿ.ಆರ್.ಸಿ.ಎ. 1ರಲ್ಲಿ ಎರಡೇ ಅಕ್ಷರಗಳು ಬಿದ್ದುಹೋಗಿ ಮುಂದಿನ ಓದೆಲ್ಲ ಕೆಡುವ ದೋಷವೊಂದು ಯೂರೋಪಿನ ಯೆಹೂದ್ಯರಲ್ಲಿ ಪ್ರಸಿದ್ಧವಾಗಿದೆ. ಅದೇ ದೋಷವು ದಕ್ಷಿಣ ಭಾರತದ ಕುಟುಂಬಗಳಲ್ಲಿಯೂ ಮತ್ತೆ ಮತ್ತೆ ಕಂಡುಬಂದಿದೆ; ಒಂದು ಭಾರತೀಯ ಕುಟುಂಬದಲ್ಲಿ ಅದು ಸ್ವತಂತ್ರವಾಗಿಯೇ ಹುಟ್ಟಿದುದೆಂದು 2007ರಲ್ಲಿ ಪ್ರಕಟವಾಯಿತು. ಆದರೆ ನಮ್ಮವರಲ್ಲಿ ಕಾಣುವ ಎಷ್ಟೋ ವ್ಯತ್ಯಾಸಗಳು ನಿರಪಾಯವೋ ಅಪಾಯವೋ ಎಂದು ಹೇಳಲಾಗುತ್ತಿಲ್ಲ. ಹೋಲಿಸಿ ನೋಡುವ ಸಂಗ್ರಹಗಳು ಬಹುವಾಗಿ ಯೂರೋಪಿನವರವು. ನಮ್ಮ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಹತ್ತು ಸಾವಿರ ಭಾರತೀಯರ ಜೀನು ಸಮುದಾಯವನ್ನು ಓದುವ ಕಾರ್ಯವು ನಡೆದು, ಅದರ ಫಲವು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲ್ಪಟ್ಟುದು ಶುಭಾರಂಭವೇ ಸರಿ. ಪ್ರಕೃತಿಯಲ್ಲಿರುವ ಜೀನು ಯಾರ ಸ್ವತ್ತೂ ಅಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಇದೇ ಬಿ.ಆರ್.ಸಿ.ಎ. ಜೀನುಗಳ ವ್ಯಾಜ್ಯದಲ್ಲಿ ತೀರ್ಪಿತ್ತಿತು. ಯಾರ ಸ್ವತ್ತೂ ಅಲ್ಲದ ಜ್ಞಾನವು ಎಲ್ಲರ ಸ್ವತ್ತಾಗುವಂತೆ ಮಾಡುವುದು ಇನ್ನು ನಮ್ಮ ಪಾಲಿನ ಕೆಲಸ.

ಕಡೆಯದಾಗಿ ಮನೆಯ ಯಜಮಾನರಲ್ಲಿ ಒಂದು ಬಿನ್ನಹ. ಮಗಳ ಮದುವೆಗೆ ಅಡ್ಡಿಯಾದೀತೆಂದು ಅಜ್ಜಿಯ ರೋಗವನ್ನು ಮುಚ್ಚಿಡುವ ತಂದೆಯ ಸಂಕಟವನ್ನು ನಾವು ಅರಿಯೆವೆಂದಲ್ಲ. ಈ ದೋಷವು ಕಳಂಕವಲ್ಲ, ಯಾರ ಪಾಪದ ಫಲವೂ ಅಲ್ಲ. ಅದನ್ನು ನೆಪಮಾಡಿ ಹೆಣ್ಣನ್ನು ನಿರಾಕರಿಸುವ ಬೀಗರು ತಮ್ಮ ವಂಶದಲ್ಲಿ ಯಾವ ದೋಷವೂ ಇಲ್ಲವೆಂದು ಪ್ರಮಾಣ ಮಾಡಬಲ್ಲರೇ? ಊರಿಗೆಲ್ಲ ಸಾರಬೇಕೆಂದು ನಾವು ಹೇಳುವುದಿಲ್ಲ. ಮನೆಯೊಳಗೆ ಹಿರಿಯರು ಬದುಕಿರುವಾಗಲೇ ಕೇಳಿ, ಯಾರು, ಯಾವ ವಯಸ್ಸಿನಲ್ಲಿ, ಯಾವ ರೋಗದಿಂದ ತೀರಿಕೊಂಡರೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ವೈದ್ಯರಿಗೆ ತೋರಿಸಿದರೆ ಸಾಕು. ಕೆಂಪೇಗೌಡರ ಮರಣವನ್ನು ಕಲ್ಲಿನಲ್ಲಿ ಬರೆಸಿದವರಿಗೆ ಅದು ಮುಂದೆ ಯಾರಿಗೆ ಉಪಯೋಗವಾಗುವುದೆಂದು ತಿಳಿದಿರಲಿಲ್ಲ. ನಮ್ಮ ಹಾಳೆಯು ಯಾರಿಗೆ ಉಪಯೋಗವೆಂಬುದನ್ನು ನಾವು ಬಲ್ಲೆವು. ಅವಳು ಈಗ ಶಾಲೆಗೆ ಹೋಗುತ್ತಿದ್ದಾಳೆ.