ಜೀಪಿನ ಸ್ಪ್ರಿಂಗು ಮತ್ತು ಎತ್ತರದ ಲೆಕ್ಕ

ಮಂಗಳೂರಿನ ಪಂಪ್‌ವೆಲ್ಲಿನಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯು 2020ರಲ್ಲಿ ತೆರೆದ ಮೇಲ್ಸೇತುವೆಯ ಮೇಲೆ ಹಾದುಹೋಗುತ್ತದೆ. ಇಲ್ಲಿಂದ ಮೂಡಣಕ್ಕೆ ಹೊರಟ ಹಾದಿಯು ಬಿ.ಸಿ. ರೋಡಿನಲ್ಲಿ ಕವಲೊಡೆದು ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಏರುತ್ತದೆ. ಈ ಕೂಡುರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತರೆ, ಗಾಲಿಗಳಿಂದ ಮೈಯನ್ನು ಮೇಲಕ್ಕೆತ್ತಿಕೊಂಡಂತೆ ಕಾಣುವ ಥಾರ್, ಜಿಮ್ನಿ ವಾಹನಗಳು ಕಣ್ಣಿಗೆ ಬೀಳುವುದುಂಟು. ಗ್ಯಾರೇಜಿನವರು ‘ಲಿಫ್ಟ್’ ಎಂದು ಕರೆಯುವ ಈ ಎತ್ತರದಿಂದ ಲಾಭವೆಷ್ಟು, ನಷ್ಟವೆಷ್ಟು? ವಿಚಾರಿಸಿ ನೋಡೋಣ.

ಹುಕ್ಕನ ನಿಯಮ

ಸ್ಪ್ರಿಂಗಿನ ಕುಗ್ಗುವಿಕೆಯು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಒಂದು ಸುರುಳಿ ಸ್ಪ್ರಿಂಗು 300 ಕಿಲೋಗ್ರಾಂ, ಅಂದರೆ ಸುಮಾರು 3,000 ನ್ಯೂಟನ್ ಭಾರವನ್ನು ಹೊತ್ತಿದೆಯೆಂದು ಭಾವಿಸೋಣ. ಅದನ್ನು 1 ಮಿಲಿಮೀಟರು ಕುಗ್ಗಿಸಲು 30 ನ್ಯೂಟನ್ ಬೇಕಾದರೆ, ಒಟ್ಟು ಕುಗ್ಗುವಿಕೆ 100 ಮಿಲಿಮೀಟರು.

ಈಗ ವಾಹನವನ್ನು 50 ಮಿಲಿಮೀಟರು ಎತ್ತಬೇಕು. ಅದಕ್ಕೆ ಎರಡು ದಾರಿಗಳಿವೆ. ಕಾಠಿಣ್ಯವನ್ನು ಇಮ್ಮಡಿಗೊಳಿಸಿದರೆ ಕುಗ್ಗುವಿಕೆ ಅರ್ಧಕ್ಕಿಳಿಯುತ್ತದೆ; ಆದರೆ ಒಂದು ಆಂದೋಲನದ ಕಾಲವು 0.63 ಸೆಕೆಂಡಿನಿಂದ 0.44 ಸೆಕೆಂಡಿಗೆ ಇಳಿದು, ಸವಾರಿ ಒರಟಾಗುತ್ತದೆ. ಅದೇ ಕಾಠಿಣ್ಯದ, 50 ಮಿಲಿಮೀಟರು ಹೆಚ್ಚು ಉದ್ದದ ಸ್ಪ್ರಿಂಗನ್ನು ಇಟ್ಟರೆ ಎತ್ತರವೂ ದೊರೆಯುತ್ತದೆ, ಮೃದುತ್ವವೂ ಉಳಿಯುತ್ತದೆ. ಆದರೆ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಗಾಲಿಯು ಹೊಂಡದೊಳಕ್ಕೆ ಇಳಿಯುವ ಅವಕಾಶ ಕಡಿಮೆಯಾಗಿ, ಅದು ಬೇಗನೆ ನೆಲ ಬಿಡುತ್ತದೆ.

ಕಾಠಿಣ್ಯವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿದೆ. ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಇವು ಬದಲಾಗದೆ, ತಂತಿಯು ನೂರಕ್ಕೆ 10ರಷ್ಟು ದಪ್ಪವಾದರೆ ಕಾಠಿಣ್ಯ ನೂರಕ್ಕೆ 46ರಷ್ಟು ಏರುತ್ತದೆ. ಕಣ್ಣಂದಾಜಿನಿಂದ ಸ್ಪ್ರಿಂಗನ್ನು ಆರಿಸುವುದು ಸಲ್ಲದೆಂಬುದಕ್ಕೆ ಇದೇ ಕಾರಣ.

ಎತ್ತರವಾದುದು ಯಾವುದು?

ಜಿಮ್ನಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಗಾಲಿಗಳನ್ನು ಜೋಡಿಸುವ ಇಡಿಯ ಅಚ್ಚುಗಳಿವೆ. ಸ್ಪ್ರಿಂಗು ಅಚ್ಚಿನ ಮೇಲೆ ಕುಳಿತಿರುವುದರಿಂದ, ಅದನ್ನು ಎಷ್ಟು ಉದ್ದ ಮಾಡಿದರೂ ಮೇಲೇರುವುದು ಮೈಯೇ ಹೊರತು ಅಚ್ಚಲ್ಲ. ನಡುಹಾದಿಯ ಕಲ್ಲು ಅಚ್ಚಿನ ಗುಂಡಿಗೆಗೆ ತಾಗುವುದು ಮೊದಲಿನಂತೆಯೇ. ಅದನ್ನು ಎತ್ತಬಲ್ಲದ್ದು ದೊಡ್ಡ ಟೈರು ಮಾತ್ರ. ಅದೂ ವ್ಯಾಸದ ಹೆಚ್ಚಳದ ಅರ್ಧದಷ್ಟು. 2020ರ ಥಾರ್‌ನಲ್ಲಿ ಹಿಂದೆ ಇಡಿಯ ಅಚ್ಚಿದ್ದರೂ ಮುಂದಿನ ಗಾಲಿಗಳು ಸ್ವತಂತ್ರವಾಗಿವೆ. ಆದುದರಿಂದ ಅಲ್ಲಿ ಮುಂಭಾಗದ ಗೇರುಪೆಟ್ಟಿಗೆ ಮೈಯೊಡನೆ ಮೇಲೇರುತ್ತದೆ.

ಮೈಯೊಡನೆ ಗುರುತ್ವಕೇಂದ್ರವೂ ಏರುತ್ತದೆ. ಎಡಬಲ ಗಾಲಿಗಳ ಅಂತರ 140 ಸೆಂಟಿಮೀಟರು, ಗುರುತ್ವಕೇಂದ್ರದ ಎತ್ತರ 70 ಸೆಂಟಿಮೀಟರು ಆಗಿದ್ದರೆ, ವಾಹನವು ಪಕ್ಕಕ್ಕೆ 45 ಡಿಗ್ರಿ ವಾಲಿದಾಗ ಮಗುಚುತ್ತದೆ. ಗುರುತ್ವಕೇಂದ್ರವು 10 ಸೆಂಟಿಮೀಟರು ಏರಿದರೆ ಆ ಮಿತಿ ಸುಮಾರು 41 ಡಿಗ್ರಿ. ಸ್ಪ್ರಿಂಗು ಒಂದು ಪಕ್ಕ ಕುಗ್ಗುವುದರಿಂದ ನಿಜದಲ್ಲಿ ಅದು ಇನ್ನೂ ಕಡಿಮೆ. ಚಾರ್ಮಾಡಿಯ ತಿರುವುಗಳಲ್ಲಿ ವೇಗವಾಗಿ ತಿರುಗುವಾಗಲೂ ಇದೇ ಅನುಪಾತ ಜೀವವನ್ನು ಕಾಯುತ್ತದೆ.

ಆಯ್ಕೆಯ ಕ್ರಮ

ಮೊದಲು ಸಾಮಾನು, ಉಕ್ಕಿನ ಬಂಪರು, ಎಳೆಯಂತ್ರ ಎಲ್ಲವನ್ನೂ ಹೇರಿ ಮುಂದಿನ ಹಿಂದಿನ ಅಚ್ಚುಗಳನ್ನು ಬೇರೆಬೇರೆಯಾಗಿ ತೂಗಿಸಬೇಕು. ನಮ್ಮ ಉದಾಹರಣೆಯಲ್ಲಿ ಒಂದು ಸ್ಪ್ರಿಂಗಿಗೆ 60 ಕಿಲೋಗ್ರಾಂ ಸೇರಿದರೆ ವಾಹನ 20 ಮಿಲಿಮೀಟರು ತಗ್ಗುತ್ತದೆ. ಈ ತಗ್ಗನ್ನು ತುಂಬುವಷ್ಟು ಕಾಠಿಣ್ಯವನ್ನು ಮೊದಲು ಗೊತ್ತುಮಾಡಿ, ಬಳಿಕ ಟೈರಿಗೆ ಅಗತ್ಯವಾದಷ್ಟೇ ಎತ್ತರವನ್ನು ಸೇರಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿಯ ವಿವರಗಳು ತಯಾರಕರು ನಮೂದಿಸಿದವುಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.