ಕನಸಿಗೂ ಒಂದು ಅಲಾರಂ!

ಯಾರೋ ಅಟ್ಟಿಸಿಕೊಂಡು ಬರ್ತಿದ್ದಾರೆ, ಓಡೋಣ ಅಂದ್ರೆ ಕಾಲೇ ಏಳ್ತಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗಣಿತದ ಪರೀಕ್ಷೆ ಬರೀತಾನೇ ಇದ್ದೀರಿ, ಪೆನ್ನಿನಲ್ಲಿ ಇಂಕೇ ಇಲ್ಲ! ಇಂಥ ಕನಸುಗಳು ನಿಮಗೂ ಬೀಳುತ್ತವೆ ಅಲ್ವಾ? ಬೆವೆತು ಎದ್ದು ಕೂತಾಗ ‘ಅಯ್ಯೋ, ಇದು ಕನಸು ಅಂತ ಆಗಲೇ ಗೊತ್ತಾಗಿದ್ದಿದ್ದರೆ’ ಎಂದು ಎಷ್ಟು ಸಲ ಅಂದುಕೊಂಡಿದ್ದೀರೋ!

ಹಾಗೆ ಗೊತ್ತಾಗುವುದು ಸಾಧ್ಯವಿದೆ. ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂಬ ಅರಿವು ಮೂಡುವುದನ್ನು ಲೂಸಿಡ್ ಡ್ರೀಮ್ ಎನ್ನುತ್ತಾರೆ. ನಾವು ಅದನ್ನು ಎಚ್ಚರದ ಕನಸು ಎನ್ನೋಣ. ಇದು ಬರೀ ಕಲ್ಪನೆಯಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು, ನಿದ್ದೆಯಲ್ಲಿದ್ದ ವ್ಯಕ್ತಿ ಮೊದಲೇ ಮಾತಾಡಿಕೊಂಡಂತೆ ಕಣ್ಣುಗುಡ್ಡೆಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಕನಸಿನೊಳಗಿಂದಲೇ ಸಂಕೇತ ಕೊಟ್ಟಿದ್ದನ್ನು ಯಂತ್ರದಲ್ಲಿ ದಾಖಲಿಸಿದರು. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಕೂಡ ಇದನ್ನು ತೋರಿಸಿಕೊಟ್ಟರು. ಇದನ್ನು ಕಲಿಯುವ ಗುಟ್ಟು ಇರುವುದು ಗಡಿಯಾರದಲ್ಲಿ!

ಯಾವಾಗ ಏಳಬೇಕು?

ನಮ್ಮ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆಯದೇ ಕಾರುಬಾರು. ಕಣ್ಣುಗುಡ್ಡೆ ಚುರುಕಾಗಿ ಓಡಾಡುವ, ಸ್ಪಷ್ಟ ಕನಸುಗಳು ಹೆಚ್ಚಾಗಿ ಬೀಳುವ ‘ರೆಮ್’ ನಿದ್ದೆ ಆಗ ಕೆಲವೇ ನಿಮಿಷ. ಬೆಳಗಾಗುತ್ತಾ ಬಂದಂತೆ ಅದು ಉದ್ದವಾಗುತ್ತಾ ಹೋಗುತ್ತದೆ. ಬೆಳಗಿನ ಜಾವದ ಕನಸು ಚೆನ್ನಾಗಿ ನೆನಪಿರುವುದು ಇದಕ್ಕೇ.

ಹಾಗಾಗಿ ರಾತ್ರಿ ಒಂದು ಗಂಟೆಗೆ ಅಲಾರಂ ಇಟ್ಟರೆ ತಲೆನೋವೇ ಹೊರತು ಲಾಭವಿಲ್ಲ. ಮಲಗಿ ಸುಮಾರು ಐದು ಗಂಟೆಯಾದ ಮೇಲೆ ಏಳುವುದು ಒಳ್ಳೆಯ ಲೆಕ್ಕ. ಹತ್ತೂವರೆಗೆ ಮಲಗಿದಿರಾ? ಮೂರೂವರೆಗೆ ಅಲಾರಂ ಇಡಿ. ಅರ್ಧ ಗಂಟೆ ಎಚ್ಚರವಿದ್ದು ಮತ್ತೆ ಮಲಗಿ ಆರು ಗಂಟೆಗೆ ಎದ್ದರೂ ಒಟ್ಟು ಏಳು ಗಂಟೆ ನಿದ್ದೆ ಆಗಿರುತ್ತದೆ.

‘ನಮ್ಮನೇಲಿ ಹನ್ನೊಂದೂವರೆಗೆ ಮಲಗಿ ಐದಕ್ಕೆ ಎದ್ದು ಡಬ್ಬಿ ಕಟ್ಟಬೇಕು, ಇದೆಲ್ಲಾ ಎಲ್ಲಿ ಆಗುತ್ತೆ?’ ಅಂತೀರಾ? ನಿಜ, ಅಂಥ ದಿನ ಖಂಡಿತ ಬೇಡ. ಮಕ್ಕಳಿಗೆ ರಜೆ ಇರುವ ದಿನ, ಬೆಳಿಗ್ಗೆ ತಡವಾಗಿ ಎದ್ದರೂ ನಡೆಯುವಂಥ ದಿನ ನೋಡಿಕೊಳ್ಳಿ. ವಾರಕ್ಕೆ ಒಂದು ದಿನ ಸಾಕು. ಬಾತ್‌ರೂಮಿಗೋ, ನೀರು ಬಂತು ಅಂತ ಮೋಟರ್ ಹಾಕುವುದಕ್ಕೋ ಆ ಹೊತ್ತಿಗೆ ತಾನಾಗೇ ಏಳುವ ಅಭ್ಯಾಸವಿದ್ದರೆ ಅಲಾರಂ ಕೂಡ ಬೇಕಿಲ್ಲ.

ಎದ್ದು ಏನು ಮಾಡಬೇಕು?

ಟ್ಯೂಬ್‌ಲೈಟ್ ಹಾಕಬೇಡಿ. ಮೊಬೈಲಿನಲ್ಲಿ ವಾಟ್ಸ್ಆ್ಯಪ್ ಅಂತೂ ತೆರೆಯಲೇಬೇಡಿ. ಎಚ್ಚರವಾದ ತಕ್ಷಣ ಅಲುಗಾಡದೆ, ಈಗ ಏನು ಕನಸು ಬಿದ್ದಿತ್ತು ಎಂದು ನೆನಪಿಸಿಕೊಳ್ಳಿ. ಆಮೇಲೆ ಎದ್ದು ಕೂತು ಸಣ್ಣ ಬೆಳಕಿನಲ್ಲಿ ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಗೀಚಿ. ಅದರಲ್ಲಿ ವಿಚಿತ್ರವಾದದ್ದು ಏನಿತ್ತು? ತೀರಿಹೋದ ಅಜ್ಜಿ ಕಾಫಿ ಕೊಟ್ಟರಾ? ಅದನ್ನೇ ಹಿಡಿದುಕೊಳ್ಳಿ. ಮತ್ತೆ ಮಲಗಿ, ‘ಮುಂದಿನ ಸಲ ಕನಸು ಬಿದ್ದಾಗ, ಇದು ಕನಸು ಅಂತ ನನಗೆ ನೆನಪಾಗುತ್ತೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಅದೇ ಕನಸಿಗೆ ವಾಪಸ್ ಹೋದಂತೆ, ಅಜ್ಜಿಯನ್ನು ಕಂಡ ಕೂಡಲೇ ‘ಓ, ಇದು ಕನಸು’ ಎಂದು ಗುರುತಿಸಿದಂತೆ ಕಲ್ಪಿಸಿಕೊಳ್ಳಿ.

ಮೊದಲ ಸಲವೇ ಆಗಲಿಲ್ಲ ಅಂತ ಬೇಜಾರು ಬೇಡ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ಗಂಟೆ ನಿದ್ದೆಯ ನಂತರ ಎದ್ದು ಈ ಅಭ್ಯಾಸಗಳನ್ನು ಮಾಡಿದವರಿಗೂ ಸುಮಾರು ಶೇ 17ರಷ್ಟು ಪ್ರಯತ್ನಗಳಲ್ಲಿ ಮಾತ್ರ ಯಶಸ್ಸು ಸಿಕ್ಕಿತ್ತು. ಆದರೆ ಸಂಕಲ್ಪ ಮುಗಿಸಿ ಐದೇ ನಿಮಿಷದಲ್ಲಿ ನಿದ್ದೆ ಹೋದವರಲ್ಲಿ ಅದು ಸುಮಾರು ಶೇ 46! ಅಂದರೆ ಮತ್ತೆ ಬೇಗ ನಿದ್ದೆ ಹತ್ತುವುದೇ ಮುಖ್ಯ. ಅರ್ಧ ಗಂಟೆ ಎದ್ದರೆ ಮತ್ತೆ ನಿದ್ದೆಯೇ ಬರದು ಅನ್ನುವವರು ಹತ್ತು ನಿಮಿಷಕ್ಕೇ ಮುಗಿಸಿ.

ಇವು ನೆನಪಿರಲಿ

* ಹಗಲಿನಲ್ಲೂ ಆಗಾಗ ‘ಇದು ಕನಸಾ?’ ಎಂದು ಪರೀಕ್ಷಿಸಿ. ಮೂಗು ಮುಚ್ಚಿ ಉಸಿರೆಳೆಯಿರಿ. ಎಚ್ಚರದಲ್ಲಿ ಆಗದು, ಕನಸಿನಲ್ಲಿ ಆಗಿಬಿಡಬಹುದು!

* ಕನಸು ಅಂತ ಗೊತ್ತಾದ ಖುಷಿಗೆ ಎಚ್ಚರವಾಗಿಬಿಡುವುದು ಸಾಮಾನ್ಯ. ಕನಸಿನಲ್ಲೇ ಕೈ ಉಜ್ಜಿಕೊಳ್ಳಿ, ಸಮಾಧಾನವಾಗಿರಿ.

* ಎದ್ದಾಗ ಮೈ ಅಲ್ಲಾಡದಂತೆ ಆದರೆ ದೆವ್ವ ಅಂತ ಹೆದರಬೇಡಿ. ರೆಮ್ ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾಗಿರುತ್ತವೆ. ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ.

* ಎಳೆ ಮಗುವಿನ ತಾಯಂದಿರು, ನಿದ್ದೆ ಬರುವುದೇ ಕಷ್ಟ ಎನ್ನುವವರು, ಮೂರ್ಛೆರೋಗ ಅಥವಾ ಮೈಗ್ರೇನ್ ಇರುವವರು ಈ ಸಾಹಸಕ್ಕೆ ಕೈಹಾಕಬೇಡಿ. ಮಾನಸಿಕ ಸಮಸ್ಯೆಗೆ ಚಿಕಿತ್ಸೆ ಪಡೆಯುತ್ತಿದ್ದರೆ ಮೊದಲು ವೈದ್ಯರನ್ನು ಕೇಳಿ.

* ಬೆಳಿಗ್ಗೆ ತೂಕಡಿಕೆ ಇದ್ದರೆ ಸ್ಕೂಟರ್ ತೆಗೆಯಬೇಡಿ.

ಒಂದೇ ಕೆಟ್ಟ ಕನಸು ಪದೇಪದೇ ಕಾಡುತ್ತಿರುವವರಿಗೆ ಈ ಅಭ್ಯಾಸದಿಂದ ಉಪಯೋಗವಾಗಬಹುದು. ಕನಸು ಅಂತ ಗೊತ್ತಾದರೆ ಓಡುವುದನ್ನು ನಿಲ್ಲಿಸಿ, ಹಿಂದೆ ತಿರುಗಿ ‘ಯಾರಪ್ಪಾ ನೀನು?’ ಎಂದು ಕೇಳಬಹುದು. ಆದರೆ ಅದು ನಿಜವಾಗಿ ನಡೆದ ಯಾವುದೋ ಕಹಿ ಘಟನೆಯ ಕನಸಾಗಿದ್ದರೆ ಒಬ್ಬರೇ ಎದುರಿಸಬೇಡಿ, ತಜ್ಞರ ಸಹಾಯ ಪಡೆಯಿರಿ. ಮನೆಮಂದಿಯ ನಿದ್ದೆ ಕಾಯುವ ನಿಮಗೆ ನಿಮ್ಮ ನಿದ್ದೆಯೂ ಮುಖ್ಯ. ಅದನ್ನು ಉಳಿಸಿಕೊಂಡೇ ಕನಸಿನ ಬೆನ್ನು ಹತ್ತಿ.